ಹಠದ ಮಂಡಳಿ ಕೆರೆಗಿಳಿದ ಮಳೆಗಾಲ

ಶ್ರಾವಣದ ಆ ರವಿವಾರ ಬೆಳಗಿನ ಆರು ಗಂಟೆ ನಲವತ್ತು ನಿಮಿಷಕ್ಕೆ, ಕೆಲಗೇರಿ ಕೆರೆಯ ದಂಡೆಗೆ ಇಳಿಯುವ ದಾರಿಯಲ್ಲಿ, ವಿಮಲಾ ಕಾಕು ಕಾರು ನಿಲ್ಲಿಸಬೇಕೆಂದು ಮನಸ್ಸು ಮಾಡಿದರು. ಕಾರು ಮನಸ್ಸು ಮಾಡಲಿಲ್ಲ. ಸಮಯ ನನಗೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ನಳಿನಿ ಅಕ್ಕೋರು. ಅವರು ದಿನಾ ಎಂಟು ಗಂಟೆಯವರೆಗೆ ಮೌನ ಹಿಡಿದವರು. ಐದೈದು ನಿಮಿಷಕ್ಕೊಮ್ಮೆ ಕೈಗಡಿಯಾರವನ್ನು ನನ್ನ ಮೂಗಿನ ಮುಂದೆ ತಂದು, ಇನ್ನೂ ಎಷ್ಟು ಹೊತ್ತು ಈ ಶಿಕ್ಷೆ ಎಂದು ಹುಬ್ಬಿನಲ್ಲೇ ಕೇಳುತ್ತಿದ್ದರು.

ಇದೆಲ್ಲ ಮತ್ತೆ ನೆನಪಾದದ್ದು ಮೊನ್ನೆ ಹುಬ್ಬಳ್ಳಿಯಲ್ಲಿ. ನಮ್ಮ ಆಟೋದ ಮುಂದಿದ್ದ ಟೆಂಪೋ ಒಂದು ಏರು ಹತ್ತಲಾರದೆ ಒದ್ದಾಡಿ, ಕ್ಲಚ್ ಸುಟ್ಟ ವಾಸನೆ ಬಿಟ್ಟಿತು. ಆ ವಾಸನೆ ಮೂಗಿಗೆ ಹೊಡೆದದ್ದೇ ನನ್ನ ಬಲಗಾಲು ತಾನಾಗಿಯೇ ಆಟೋದ ನೆಲವನ್ನು ಜೋರಾಗಿ ಒತ್ತಿತು. ಆಟೋದವನು ಹೊರಳಿ ನೋಡಿ, "ಯಾಕ್ರಿ ಅಕ್ಕಾರ, ಇಲ್ಲೇ ಇಳೀತೀರೇನು?" ಅಂದ.

"ಇಲ್ಲಪಾ, ನಿಲ್ಲಸ್ಲಿಕ್ಕತ್ತಿದ್ದೆ," ಅಂದೆ.

ಅಲ್ಲಿಂದ ಮುಂದೆ ಅವನು ಕನ್ನಡಿಯಲ್ಲಿ ಆಗಾಗ ನನ್ನನ್ನು ನೋಡುತ್ತಿದ್ದ.

ಮಂಡಳಿ ಹುಟ್ಟಿದ್ದು ಆ ವರ್ಷ ಮುಂಗಾರಿನ ಮಿರ್ಗದ ಮಳೆ ಹಿಡಿದ ವಾರ, ಮಾಳಮಡ್ಡಿಯ ನಮ್ಮ ಓಣಿಯಲ್ಲಿ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನನ್ನ ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯ ಬಹಳ ವರ್ಷಗಳಿಂದ ಕೂತಲ್ಲೇ ಕೂತಿತ್ತು. ಒಬ್ಬರಿಂದ ಆಗದ ಕೆಲಸ, ನಾಲ್ಕು ಮಂದಿ ವಾರಕ್ಕೊಮ್ಮೆ ಕೂಡಿ ಯಾರ ಕೆಲಸ ಎಲ್ಲಿಗೆ ಬಂತು ಎಂದು ಹೇಳಿಕೊಂಡರೆ ಆಗುತ್ತದೆ ಎಂದು ಎಲ್ಲೋ ಓದಿದ್ದೆ. ಒಂದು ಸಂಜೆ ಎದುರುಮನೆಯ ಕಟ್ಟೆಯ ಮೇಲೆ ಕೂತು ಸುಮ್ಮನೆ ವಿಮಲಾ ಕಾಕುಗೆ ಅದನ್ನು ಹೇಳಿದೆ. ಮರುದಿನ ಹೊತ್ತಿಗೆ ಅದಕ್ಕೆ ಹೆಸರೂ ಇತ್ತು, ಸದಸ್ಯರೂ ಇದ್ದರು.

"ಓಣ್ಯಾಗ ಭಜನಿ ಮಂಡಳಿ ಅದ, ನಗೂ ಮಂಡಳಿನೂ ಅದ. ನಮ್ಮದು ಹಠದ ಮಂಡಳಿ ಆಗ್ಲಿ," ಅಂದರು ಕಾಕು. "ಗುರಿ ಗಿರಿ ಅಂದ್ರ ಸಣ್ಣ ಹುಡುಗರ ಮಾತಾಗ್ತದ. ನಮ್ಮ ವಯಸ್ಸಿಗೆ ಉಳಿದದ್ದು ಹಠ ಒಂದ."

ಕಾಕುವಿನ ಹಠ ಕಾರು ಕಲಿಯುವುದು. ಅವರ ಯಜಮಾನರು ರಾಘೂಕಾಕಾ ಆಫೀಸಿನಿಂದ ನಿವೃತ್ತರು. ಕಣ್ಣಿನ ನರ ಸೋತಿದೆ, ಇನ್ನು ಗಾಡಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿದ್ದದ್ದು ಒಂದು ಹಳೆಯ ಬೂದುಬಣ್ಣದ ಕಾರು. ಗೋಪನಕೊಪ್ಪದಲ್ಲಿದ್ದ ಅಣ್ಣನ ಮಗ ಸುಹಾಸನಿಗೆ ಅದನ್ನು ಕೊಟ್ಟುಬಿಡಬೇಕೆಂದು ರಾಘೂಕಾಕಾ ಗೊತ್ತು ಮಾಡಿದ್ದರು. ಕಾಕು ಅಡ್ಡ ನಿಂತ ಮೇಲೆ ಒಂದು ಮಾತು ಕೊಟ್ಟರು: ದಸರೆಯೊಳಗೆ ಕಾಕು ತಾವೇ ಕಾರು ಹೊಡೆದುಕೊಂಡು ಗೋಪನಕೊಪ್ಪಕ್ಕೆ ಹೋಗಿ ಬಂದರೆ ಕಾರು ಮನೆಯಲ್ಲಿರುತ್ತದೆ. ಇಲ್ಲದಿದ್ದರೆ ಖಂಡೇನವಮಿ ಪೂಜೆ ಮುಗಿಸಿ, ಹೂವಿನ ಹಾರದ ಸಮೇತ ಸುಹಾಸನ ಪಾಲು.

"ಮದುವಿ ಆದಾಗಿಂದ ತೊಡಿಮ್ಯಾಲ ಪರ್ಸ್ ಇಟಗೊಂಡು ಈ ಪಡಸಾಲ್ಯಾಗ ಕೂತೇನಿ," ಎಂದು ಕಾಕು ಮೊದಲ ಸಭೆಯಲ್ಲಿ ಹೇಳಿದರು. "ತಂಗಿ ಮನಿಗೆ ಹೋಗ್ಲಿ, ಗಾಯನ ಕೇಳ್ಲಿಕ್ಕೆ ಹೋಗ್ಲಿ, ಇವರು 'ಹತ್ತು ಮಿನಿಟ್ ತಡಿ' ಅಂತಾರ. ಆ ಹತ್ತು ಮಿನಿಟಿನ್ಯಾಗ ನಾ ಒಂದ ಸ್ವೆಟರ್ ಹೆಣದೇನಿ. ಕಾರೂ ಹೋತಂದ್ರ ಪರ್ಸರ ಯಾಕ ಬೇಕು? ಅದನ್ನೂ ಸುಹಾಸಗ ಕೊಟ್ಟಬಿಡ್ತೇನಿ."

ಒಳಗಿನ ಕೋಣೆಯಿಂದ ರಾಘೂಕಾಕಾ ಕೆಮ್ಮಿದರು.

ಉಳಿದಿಬ್ಬರಲ್ಲಿ ಒಬ್ಬರು ಶೆಟ್ಟರ ಕಾಕಾ. ಹುಬ್ಬಳ್ಳಿಯಲ್ಲಿ ಕಾಳಿನ ವ್ಯಾಪಾರ. ಇವರು ಅಂಗಡಿಯಲ್ಲಿ ಸಿಟ್ಟಾದರೆ ಎದುರಿನ ಅಂಗಡಿಯವರು ತಮ್ಮ ತೂಕ ಸರಿಯಿದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳುತ್ತಿದ್ದರಂತೆ. ರಕ್ತದೊತ್ತಡ ಏರಿ ಡಾಕ್ಟರು ಹೆದರಿಸಿದ್ದರಿಂದ ಸಿಟ್ಟು ಬಿಡುವುದು ಅವರ ಹಠ. ಸಿಟ್ಟು ಬಂದ ತಕ್ಷಣ ಕಣ್ಣು ಮುಚ್ಚಿ, ಮೂಗಿನಿಂದ ಉಸಿರೆಳೆದು, ಒಳಗೊಳಗೇ ಶಿವನಾಮ ಹೇಳುತ್ತಿದ್ದರು. ಇನ್ನೊಬ್ಬರು ನಳಿನಿ ಅಕ್ಕೋರು. ಮೂವತ್ತು ವರ್ಷ ಒಂದನೇ ಇಯತ್ತೆಗೆ ಕಲಿಸಿ ನಿವೃತ್ತರಾದರೂ ಧ್ವನಿ ನಿವೃತ್ತಿಯಾಗಿರಲಿಲ್ಲ. ಸೊಸೆ ಕಿವಿಯಲ್ಲಿ ಅರಳೆ ಇಟ್ಟುಕೊಂಡು ಒಗ್ಗರಣೆ ಹಾಕುವುದನ್ನು ಕಂಡ ದಿನ, ಮುಂಜಾನೆ ಎಂಟರವರೆಗೆ ಮಾತಾಡುವುದಿಲ್ಲವೆಂದು ಸಂಕಲ್ಪ ಮಾಡಿದ್ದರು.

ಮೊದಲ ಸಭೆ ಸಲಹೆಯಲ್ಲೇ ಮುಳುಗಿತು. ಕಾಕು "ಕಾರು" ಎಂದು ಬಾಯಿ ತೆರೆದದ್ದೇ ತಡ, ಯಾವ ಶಾಲೆಗೆ ಸೇರಬೇಕು, ಯಾವ ವಾರ ಶುರು ಮಾಡಬೇಕು, ಸೀರೆ ಉಡಬೇಕೋ ಚೂಡಿದಾರ ಹಾಕಬೇಕೋ, ಚಪ್ಪಲಿ ಬಿಚ್ಚಬೇಕೋ ಬೇಡವೋ, ಒಂದು ಗಂಟೆ ನಡೆಯಿತು. ಹಚ್ಚಿದ ಅವಲಕ್ಕಿ ಮೆತ್ತಗಾಯಿತು. ನನ್ನ ಮೂರನೆಯ ಅಧ್ಯಾಯದ ಬಗ್ಗೆ, ಅದನ್ನು ಓದಿರದ ಮೂವರೂ ತಿದ್ದುಪಡಿ ಸೂಚಿಸಿದರು. ಎರಡನೆಯ ವಾರವೂ ಅದೇ ಹಾಡು. ಧಾರವಾಡದಲ್ಲಿ ನೀರು ಬೇಡಿದರೆ ಮೊದಲು ಯಾವ ನೀರು ಕುಡಿಯಬೇಕೆಂದು ಹೇಳಿ ಆಮೇಲೆ ತಂಬಿಗೆ ತರುತ್ತಾರೆ. ಹೀಗಾದರೆ ಮಂಡಳಿ ಉಳಿಯುವುದಿಲ್ಲವೆಂದು ಎಲ್ಲರೂ ಕೂಡಿ ಒಂದು ನಿಯಮ ಮಾಡಿದೆವು. ಸದಸ್ಯರು ತಾವಾಗಿ ಕೇಳಿದ ಹೊರತು ಯಾರೂ ಸಲಹೆ ಕೊಡುವಂತಿಲ್ಲ. ಕೆಲಸ ಎಷ್ಟಾಯಿತೆಂದು ಅವರು ಹೇಳಬೇಕು, ನಾವು "ಛಲೋ ಆತ್ರಿ" ಅನ್ನಬೇಕು, ಮುಂದಿನವರ ಪಾಳಿ.

ಆ ನಿಯಮ ಬಂದ ಮೇಲೆ ಮಂಡಳಿ ಎಣ್ಣೆ ಹಾಕಿದ ಬಂಡಿಯ ಹಾಗೆ ಓಡಿತು. ಆಷಾಢದ ಜಿಟಿಜಿಟಿ ಮಳೆಯಲ್ಲೂ ಯಾರೂ ತಪ್ಪಿಸಲಿಲ್ಲ. ಶೆಟ್ಟರ ಕಾಕಾ ಒಬ್ಬ ಹಮಾಲನಿಗೂ ಬೈಯದೆ ಇಡೀ ವಾರ ಕಳೆದು ಬಂದು, ಹಮಾಲರೇ ಗಾಬರಿಯಾಗಿ ಮನೆಯಲ್ಲಿ ಎಲ್ಲ ಸರಿ ಇದೆಯೇ ಎಂದು ಕೇಳಿದರೆಂದು ಹೇಳಿದರು. ಛಲೋ ಆತ್ರಿ. ಅಕ್ಕೋರ ಸೊಸೆ ಅರಳೆ ತೆಗೆದಳು. ಛಲೋ ಆತ್ರಿ. ನಾನು ಎರಡು ಪುಟ ಬರೆದು ಮೂರು ಪುಟ ಹೊಡೆದುಹಾಕಿದೆ. ಛಲೋ ಆತ್ರಿ. ಕಾಕು ಡ್ರೈವಿಂಗ್ ಶಾಲೆಯಲ್ಲಿ ಎಲ್ಲ ಪಾಠ ಮುಗಿಸಿ ಬಂದರು.

"ಎಲ್ಲಿ ಬೇಕಂದ್ರ ಅಲ್ಲಿ ಗಾಡಿ ನಿಂದ್ರಸ್ತೇನಿ," ಅಂದರು. "ಕಲಸವರು ಒಂದೂ ಮಾತಾಡಂಗಿಲ್ಲ. ನನ್ನ ಬಾಜೂಕ ಕೈಕಟಗೊಂಡು ಆರಾಮ ಕೂತಿರ್ತಾರ."

ಚಪ್ಪಾಳೆ ತಟ್ಟಿದೆವು. ಮನೆಯ ಕಾರಿನಲ್ಲಿ ಮೊದಲ ಸಲ ಹೋಗುವಾಗ ಇಡೀ ಮಂಡಳಿ ಜೊತೆಗಿರಬೇಕು ಎಂದು ಠರಾವಾಯಿತು. ನಲವತ್ತು ವರ್ಷ ಗಾಡಿ ಓಡಿಸಿದ ಶೆಟ್ಟರ ಕಾಕಾ ಮುಂದೆ ಕೂರುವುದು, ನಾವಿಬ್ಬರು ಹಿಂದೆ. ನನಗೂ ಅಕ್ಕೋರಿಗೂ ಗಾಡಿ ಬರುವುದಿಲ್ಲ. ಹುರುಪು ತುಂಬುವುದಕ್ಕೆ ಲೈಸೆನ್ಸ್ ಬೇಕಿಲ್ಲವಲ್ಲ.

ಹೀಗೆ ಆ ರವಿವಾರ ಬೆಳಿಗ್ಗೆ ಕೆಲಗೇರಿ. ಕೆರೆ ತುಂಬಿ ದಂಡೆಯ ಹುಲ್ಲಿನವರೆಗೆ ಬಂದಿತ್ತು. ಮೋಡ ಕೆಳಗಿಳಿದು ನೀರೂ ಆಕಾಶವೂ ಒಂದೇ ಬೂದುಬಣ್ಣವಾಗಿದ್ದವು. ನಾಲ್ಕೈದು ಎಮ್ಮೆ ಆಗಲೇ ಜಳಕಕ್ಕೆ ಇಳಿದಿದ್ದವು. ಕಾಕು ಡಾಂಬರು ರಸ್ತೆ ಬಿಟ್ಟು ದಂಡೆಯ ಮಣ್ಣುದಾರಿಗೆ ಹೊರಳಿದರು. ಇಳಿಜಾರು ದೊಡ್ಡದಲ್ಲ. ಪ್ರತಿ ವರ್ಷ ಕರಿಹಲಗೆಯ ಮೇಲೆ ಅದಕ್ಕಿಂತ ಕಡಿದಾದ ಇಳಿಜಾರು ಬರೆದು, ಅದರ ಮೇಲೊಂದು ಪೆಟ್ಟಿಗೆ ಇಟ್ಟು, ಎಷ್ಟು ಹೊತ್ತಿಗೆ ಕೆಳಗೆ ಬರುತ್ತದೆ ಎಂದು ಮಕ್ಕಳಿಗೆ ಕೇಳುತ್ತೇನೆ. ಪೆಟ್ಟಿಗೆಯೊಳಗೆ ಯಾರಾದರೂ ಕೂತಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಕಾಕು ಕ್ಲಚ್ ಒತ್ತಿದರು. ಗಾಡಿಯನ್ನು ಹಿಡಿದಿದ್ದ ಇಂಜಿನ್ನು ಕೈಬಿಟ್ಟಿತು. ಕಾರು ಹಗುರಾಗಿ, ಸದ್ದಿಲ್ಲದೆ, ತೊಟ್ಟಿಲಿನ ಹಾಗೆ ಕೆಳಗೆ ಜಾರತೊಡಗಿತು.

"ನಿಲ್ಲಸ್ರಿ," ಅಂದರು ಕಾಕು, ಬಹಳ ಮರ್ಯಾದೆಯಿಂದ, ಪಕ್ಕದ ಸೀಟಿನ ಕಡೆ ನೋಡಿ.

ಪಕ್ಕದ ಸೀಟಿನಲ್ಲಿ ಶೆಟ್ಟರ ಕಾಕಾ ಕಣ್ಣು ಮುಚ್ಚಿದ್ದರು. ದಂಡೆಗೆ ಹೊರಳಿದ ಕ್ಷಣವೇ ಅವರಿಗೆ ಸಿಟ್ಟು ಬಂದಿತ್ತು, ಸಿಟ್ಟು ಬಂದ ಕ್ಷಣವೇ ಉಸಿರೆಳೆಯಲು ಶುರುಮಾಡಿದ್ದರು. ಮೂಗಿನ ಹೊಳ್ಳೆ ಅರಳುವುದು ಹಿಂದಿನಿಂದ ನನಗೆ ಕಾಣುತ್ತಿತ್ತು. ನಳಿನಿ ಅಕ್ಕೋರು ನನ್ನ ಮೊಣಕೈ ಹಿಡಿದು ಹಿಂಡಿದರು, ಬಾಯಿ ತೆರೆದರು, ಗಡಿಯಾರ ನೋಡಿದರು, ಬಾಯಿ ಮುಚ್ಚಿದರು. ನಾನೋ, ಕಾಕು "ನಿಲ್ಲಸ್ರಿ" ಅಂದದ್ದು ಸಲಹೆ ಕೇಳಿದಂತಾಯಿತೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. 'ಏನ್ ಮಾಡ್ಲಿ' ಎಂದಿದ್ದರೆ ಸಲಹೆ. 'ನಿಲ್ಲಸ್ರಿ' ಅಂದರೆ ಅದು ವಿನಂತಿ, ಅದೂ ನನಗೆ ಮಾಡಿದ್ದಲ್ಲ. ಓದಿದವರ ತಲೆ ಇಳಿಜಾರಿನಲ್ಲಿ ಹೀಗೇ ಕೆಲಸ ಮಾಡುತ್ತದೆ.

"ನಿಲ್ಲಸ್ರಿ ಅಂದ್ನೆಲ್ಲಾ," ಅಂದರು ಕಾಕು ಇನ್ನೊಮ್ಮೆ, ಸ್ವಲ್ಪ ಬೇಸರದಿಂದ.

ಎಮ್ಮೆಗಳು ತಲೆ ಎತ್ತಿ, ನಮ್ಮನ್ನು ನೋಡಿ, ಬಲಕ್ಕೂ ಎಡಕ್ಕೂ ದಾರಿ ಬಿಟ್ಟವು. ನೀರು ಮುಂದಿನ ಗಾಜಿಗೆ ಎರಚಿತು. ಆಮೇಲೆ ಕಾರು ಮೂಗು ಬಗ್ಗಿಸಿತು, ಮತ್ತಷ್ಟು ಬಗ್ಗಿಸಿತು. ಒಳಗೆ ತಣ್ಣಗೆ ನೀರು ಬಂದು ನನ್ನ ಚಪ್ಪಲಿ ತೇಲಿತು. ಅಲ್ಲಿಗೆ ಹೂಳು ಕಾರನ್ನು ಹಿಡಿಯಿತು. ಆ ಜಾಗದಿಂದ ಎರಡು ಮಾರು ಆಚೆ ಕೆರೆ ಒಮ್ಮೆಲೇ ಆಳ ಎಂದು ಆಮೇಲೆ ತಿಳಿಯಿತು. ಅದನ್ನು ನನಗೆ ಯಾರೂ ಹೇಳಬಾರದಿತ್ತು.

ಶೆಟ್ಟರ ಕಾಕಾ ಕಣ್ಣು ಬಿಟ್ಟರು. ಅವರ ಕಿಟಕಿಯಲ್ಲಿ ಒಂದು ಎಮ್ಮೆಯ ಮುಖವಿತ್ತು. ಇಬ್ಬರೂ ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡಿದರು.

ಕಾಕು ಹಿಂದಿನ ಗೇರು ಹಾಕಿ ಇಂಜಿನ್ನು ಅಬ್ಬರಿಸಿದರು. ಕಾರು ಅಲುಗಲಿಲ್ಲ, ಕ್ಲಚ್ ಸುಟ್ಟ ವಾಸನೆ ಮಾತ್ರ ಒಳಗೆಲ್ಲ ತುಂಬಿತು. ಕಡೆಗೆ ಒಬ್ಬೊಬ್ಬರೇ ಬಟ್ಟೆ ಎತ್ತಿ ಹಿಡಿದು ದಂಡೆಗೆ ಬಂದೆವು. ಟ್ರ್ಯಾಕ್ಟರಿನವನೊಬ್ಬ ಹಗ್ಗ ಕಟ್ಟುತ್ತ, "ಮೀನ ಹಿಡ್ಯಾಕ ಬಂದಿದ್ರೇನ್ರಿ?" ಅಂದ. ಸರಿಯಾಗಿ ಎಂಟಕ್ಕೆ ನಳಿನಿ ಅಕ್ಕೋರು ಬಾಯಿ ತೆರೆದರು. ಮಧ್ಯಾಹ್ನದ ಊಟಕ್ಕೆ ಕೂರುವವರೆಗೆ ಮುಚ್ಚಲಿಲ್ಲ. ಆದರೆ ತಮ್ಮ ಸಂಕಲ್ಪ ಆ ದಿನವೂ ಮುರಿಯಲಿಲ್ಲ ಎಂಬುದನ್ನು ಮೂರು ಸಲ ಹೇಳಿದರು.

ಮನೆಯ ಮುಂದೆ ರಾಘೂಕಾಕಾ ಕಾರಿನ ಸುತ್ತ ಒಂದು ಸುತ್ತು ಬಂದರು. ಕಣ್ಣು ಮಂಜಾದರೂ ಮೂಗು ಚುರುಕಾಗಿತ್ತು. ಬಂಪರಿನಿಂದ ಒಂದು ಎಳೆ ಪಾಚಿ ತೆಗೆದು ಹಿಡಿದು, "ಕಾರು ತೊಳೀಲಿಕ್ಕೆ ಅಷ್ಟು ದೂರ ಹೋಗಬೇಕಿತ್ತೇನು? ಮನ್ಯಾಗ ನಳ ಅದಲ್ಲ," ಅಂದರು. ಅಷ್ಟೇ. ಬೈದಿದ್ದರೆ ಕಾಕು ಜಗಳವಾಡಿ ಹಠ ಉಳಿಸಿಕೊಳ್ಳುತ್ತಿದ್ದರು.

ಆ ರಾತ್ರಿಯಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಕಾರು ಜಾರುತ್ತಿತ್ತು. ಹೂಳು ಇನ್ನೆರಡು ಮಾರು ಮುಂದೆ ಇದ್ದಿದ್ದರೆ, ಕಾರು ಇನ್ನೊಂದು ಚೂರು ಜೋರಿದ್ದಿದ್ದರೆ, ಎಂದು ನಾನೇ ಕಲಿಸುವ ಸೂತ್ರಗಳು ಒಂದೊಂದಾಗಿ ಬಂದು ಎದೆಯ ಮೇಲೆ ಕೂರುತ್ತಿದ್ದವು. ಒಂದು ಲೆಕ್ಕದಲ್ಲೂ ನಾವು ಉಳಿಯುತ್ತಿರಲಿಲ್ಲ. ಹೇಗೋ ಜೊಂಪು ಹತ್ತಿದರೆ ಬಲಗಾಲು ಚಿಮ್ಮಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಅದು ಇದ್ದಿದ್ದು ನನ್ನ ಗಂಡ ಶ್ರೀಧರನ ಮೊಣಕಾಲಿನ ಜಾಗದಲ್ಲಿ. ನಾಲ್ಕು ರಾತ್ರಿ ತಡೆದುಕೊಂಡು ಐದನೆಯ ದಿನ ಅವನು, "ಸುಧಾ, ನಾ ಕೆರಿ ಅಲ್ಲ," ಅಂದ. ಹಾಸಿಗೆಯ ನಡುವೆ ಉದ್ದಕ್ಕೂ ಒಂದು ಲೋಡುದಿಂಬು ಇಟ್ಟ.

ಮುಂದಿನ ಸಭೆಗೆ ಎಲ್ಲರ ಕಣ್ಣ ಕೆಳಗೂ ಕಪ್ಪು. ಕಾಕು ಅವಲಕ್ಕಿ ಹಚ್ಚಿರಲಿಲ್ಲ. ಅದರಿಂದಲೇ ವಿಷಯ ಗೊತ್ತಾಯಿತು.

"ನಾ ಬಿಟ್ಟೆ," ಅಂದರು. "ಸುಹಾಸಗ ಫೋನ್ ಮಾಡಂತ ಇವರಿಗೆ ಹೇಳೇನಿ. ನನ್ನ ಹಠಕ್ಕ ಮೂರು ಮನಿ ದೀಪ ಆರ್ತಿದ್ವು. ಪಡಸಾಲಿ ಎಲ್ಲೂ ಹೋಗಂಗಿಲ್ಲ, ಅಲ್ಲೇ ಕೂಡ್ತೇನಿ."

ನಿಯಮದ ಪ್ರಕಾರ ಯಾರೂ ಏನೂ ಹೇಳುವಂತಿರಲಿಲ್ಲ. ಅಭ್ಯಾಸಬಲದಿಂದ ಅಕ್ಕೋರು "ಛಲೋ..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡರು. ಮಳೆ ಹಂಚಿನ ಮೇಲೆ ಒಂದೇ ಸಮನೆ ಬೀಳುತ್ತಿತ್ತು. ಶೆಟ್ಟರ ಕಾಕಾ ಕಣ್ಣು ಮುಚ್ಚಿದರು. ಉಸಿರೆಳೆದರು. ಮತ್ತೆ ಎಳೆದರು. ಮೂರನೆಯ ಸಲ ಎಳೆದದ್ದು ಹೊರಗೆ ಬರುವಾಗ ಉಸಿರಾಗಿರಲಿಲ್ಲ.

"ನೀವು ಬಿಡೂದಾದ್ರ ನಾ ಯಾಕ ಸಿಟ್ಟು ಬಿಡ್ಲಿ?" ಪಡಸಾಲೆಯ ಕಿಟಕಿ ಗಾಜು ಅದುರಿತು. "ಎರಡು ತಿಂಗಳಾತು, ಅಂಗಡ್ಯಾಗ ಹುಡುಗೂರು ನನ್ನ ತಲಿಮ್ಯಾಲ ಕುಂತಾರ. ಸುಮ್ನ ಅದೇನಿ. ಜ್ವಾಳಕ್ಕ ನುಸಿ ಬಿತ್ತು, ಸುಮ್ನ ಅದೇನಿ. ನನ್ನ ಎಮ್ಮಿ ಮುಂದ ಕುಂದ್ರಿಸಿದ್ರಿ, ಆವಾಗೂ ಸುಮ್ನ ಅದೇನಿ. ಯಾತಕ್ಕ? ಬಾಜೂಕ ಒಬ್ಬಾಕಿ ಅರವತ್ತನೇ ವರ್ಷಕ್ಕ ಕಾರು ಕಲ್ಯಾಕತ್ತಾಳಲ್ಲ, ನನ್ನ ಕೈಲೆ ಇಷ್ಟರೆ ಆಗಂಗಿಲ್ಲೇನು ಅಂತ. ಈಗ ಬಿಟ್ಟೆ ಅಂತೀರಿ? ಯಾರನ್ನ ಕೇಳಿ ಬಿಟ್ರಿ?"

ಓಣಿಯ ನಾಯಿಗಳು ಬೊಗಳಿದವು. ಒಳಗಿನಿಂದ ರಾಘೂಕಾಕಾ ಬಂದು ಬಾಗಿಲಲ್ಲಿ ನಿಂತರು. ಶೆಟ್ಟರ ಕಾಕಾ ಬೆವರೊರೆಸಿಕೊಂಡು, "ಕ್ಷಮಾ ಮಾಡ್ರಿ ವೈನೀ. ನಂದು ಈ ವಾರ ಶೂನ್ಯ ಅಂತ ತಿಳ್ಕೋರಿ," ಅಂದರು.

ಕಾಕು ಅವರನ್ನೇ ನೋಡುತ್ತಿದ್ದರು. ಸೆರಗು ಸರಿಮಾಡಿಕೊಂಡು, ಮಂಡಳಿ ಶುರುವಾದಾಗಿನಿಂದ ಯಾರೂ ಕೇಳದೆ ಇದ್ದದ್ದನ್ನು ಕೇಳಿದರು: "ಹಂಗಾರ ನಾ ಎಲ್ಲಿ ತಪ್ಪಿದೆ? ಹೇಳ್ರಿ."

ಎರಡು ತಿಂಗಳು ಕಟ್ಟಿಟ್ಟ ಸಲಹೆ ಒಮ್ಮೆಲೇ ಒಡೆಯಿತು. ಎಲ್ಲರೂ ಒಟ್ಟಿಗೇ ಹೇಳಿದೆವು. ನಾನು ಇಳಿಜಾರನ್ನು ಗಾಳಿಯಲ್ಲಿ ಬರೆದು ತೋರಿಸಿದೆ, ಅಕ್ಕೋರು ಒಂದನೇ ಇಯತ್ತೆಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದರು. "ಅದೆಲ್ಲ ಇರ್ಲಿ, ಬ್ರೇಕ್ ಯಾಕ ಒತ್ತಲಿಲ್ಲ?" ಎಂದು ಶೆಟ್ಟರ ಕಾಕಾ ಕೇಳಿದಾಗ ಕಾಕು ಯೋಚನೆಗೆ ಬಿದ್ದರು.

"ನಾ ಎಂದೂ ಒತ್ತೇ ಇಲ್ಲ," ಅಂದರು ನಿಧಾನವಾಗಿ. "ಸಾಲ್ಯಾಗ ನಾ ಬ್ರೇಕಿನ ಮ್ಯಾಲ ಸುಮ್ನ ಕಾಲು ಇಡತಿದ್ದೆ, 'ನಿಲ್ಲಸ್ರಿ ಸರ್' ಅಂತಿದ್ದೆ. ನಿಲ್ತಿತ್ತು."

ಶೆಟ್ಟರ ಕಾಕಾ ಹಣೆ ಬಡಿದುಕೊಂಡರು. ಕಲಿಸುವ ಗಾಡಿಯಲ್ಲಿ ಪಕ್ಕದವರ ಕಾಲಕೆಳಗೂ ಒಂದು ಬ್ರೇಕ್ ಇರುತ್ತದೆ. ಕೈಕಟ್ಟಿಕೊಂಡು ಆರಾಮ ಕೂತಿದ್ದ ಆ ಮಹಾನುಭಾವ ಎಲ್ಲ ಪಾಠಗಳನ್ನೂ ಕಾಲಿನಲ್ಲೇ ಮುಗಿಸಿದ್ದ. ಕಾಕು ಬಾಗಿಲಲ್ಲಿ ನಿಂತಿದ್ದ ರಾಘೂಕಾಕಾನ ಕಡೆ ತಿರುಗಿ, "ನನಗ ಕಾರು ಕಲಸವ್ರೂ ನಿಮ್ಮಂಗ ಇದ್ರು ನೋಡ್ರಿ," ಅಂದರು. ರಾಘೂಕಾಕಾ ಒಳಗೆ ಹೋದರು. ಸುಹಾಸನಿಗೆ ಇನ್ನೂ ಫೋನ್ ಮಾಡಿಲ್ಲ ಎಂಬ ಮಾತು ಒಳಗಿನಿಂದ ಬಂತು.

ಅಲ್ಲಿಂದ ದಸರೆಯವರೆಗೆ ಕಾಕು ಮಾಡಿದ್ದು ಒಂದೇ ಅಭ್ಯಾಸ, ನಿಲ್ಲುವುದು. ಕ್ಲಚ್ ದುರಸ್ತಿಯಾಗಿ ಬಂದ ಮೇಲೆ, ಖಾಲಿ ಬಯಲಿನಲ್ಲಿ ಹತ್ತು ಹೆಜ್ಜೆ ಹೋಗುವುದು, ನಿಲ್ಲುವುದು. ಹಿಂದೆ ಕೂತ ನಮ್ಮ ತಲೆಗಳು ಎಲ್ಲದಕ್ಕೂ ಹೂಂ ಅನ್ನುವವರ ಹಾಗೆ ಆಡುತ್ತಿದ್ದವು. ನಿಯಮವನ್ನೂ ತಿದ್ದಿದೆವು. ಮುಂದೆ ನೀರು ಕಂಡರೆ ಕೇಳದೆಯೂ ಹೇಳಬಹುದು. ಅಕ್ಕೋರ ಮೌನಕ್ಕೂ ಅಷ್ಟೇ ವಿನಾಯಿತಿ. ಅವರು ಅದನ್ನು ಮೊದಲ ದಿನವೇ, ಬಯಲಿನ ಒಂದು ಸಣ್ಣ ಕೆಸರುಗುಂಡಿಗೆ ಬಳಸಿಕೊಂಡರು. ಕಾಕುವಿಗೆ ಲೈಸೆನ್ಸ್ ಬಂದ ದಿನ ಅವಲಕ್ಕಿಯ ಜೊತೆ ಕೇಸರಿಬಾತೂ ಆಯಿತು. ಆದರೆ ನನ್ನ ನಿದ್ದೆ ಮಾತ್ರ ಬರಲಿಲ್ಲ. ಲೋಡು ನಡುವೆಯೇ ಇತ್ತು.

ಖಂಡೇನವಮಿಯ ಬೆಳಿಗ್ಗೆ ಕಾರಿಗೆ ಪೂಜೆಯಾಯಿತು, ಚೆಂಡು ಹೂವಿನ ಹಾರ ಬಿತ್ತು. ರಾಘೂಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಕೂತು, ಹೊರಡೋಣವೇ ಎಂದು ಕೇಳಿದರು.

"ಹತ್ತು ಮಿನಿಟ್ ತಡೀರಿ," ಅಂದರು ಕಾಕು, ಕನ್ನಡಿಯ ಮುಂದೆ ನಿಂತು.

ರಾಘೂಕಾಕಾ ಮುಂದೆ, ನಾವು ಮೂವರು ಹಿಂದೆ ಒತ್ತಿಕೊಂಡು. ಶೆಟ್ಟರ ಕಾಕಾ ನಡುವೆ, ಮಡಿಲಲ್ಲಿ ಸುಹಾಸನಿಗೆಂದು ಕಟ್ಟಿದ ಕರದಂಟಿನ ಡಬ್ಬಿ. ಹುಬ್ಬಳ್ಳಿ ದಾರಿಯಲ್ಲಿ ನವನಗರ ದಾಟುವವರೆಗೆ ಯಾರೂ ಉಸಿರಾಡಿದ ನೆನಪಿಲ್ಲ. ಉಣಕಲ್ಲಿಗೆ ಇನ್ನೂ ಸ್ವಲ್ಪ ದೂರವಿರುವಾಗ ಹೂವಿನ ಬುಟ್ಟಿ ಹೇರಿದ್ದ ಟಂಟಂ ಆಟೋ ಒಂದು ಅಡ್ಡದಾರಿಯಿಂದ ನೇರ ನಮ್ಮ ಮುಂದೆ ನುಗ್ಗಿತು. ನನ್ನ ಬಲಗಾಲು ನೆಲ ಒತ್ತಿತು. ಎಡಕ್ಕೆ ನೋಡಿದೆ, ಶೆಟ್ಟರ ಕಾಕಾನ ಕಾಲೂ ಒತ್ತಿತ್ತು, ಅಕ್ಕೋರದೂ. ಮುಂದೆ ರಾಘೂಕಾಕಾ ಎರಡೂ ಕಾಲು ಒತ್ತಿ ಸೀಟಿನಿಂದ ಅರ್ಧ ಎದ್ದಿದ್ದರು.

ಕಾರು ನಿಂತಿತು. ಟಂಟಮ್ಮಿನ ಹೂವು ನಮ್ಮ ಬಾನೆಟ್ಟಿನಿಂದ ಒಂದು ಮೊಳ ದೂರದಲ್ಲಿತ್ತು.

ಕಾಕು ಹೊರಳಿ ನಮ್ಮೆಲ್ಲರ ಕಾಲುಗಳನ್ನು ಒಮ್ಮೆ ನೋಡಿದರು.

"ಕಾಲು ತಗೀರಿ," ಅಂದರು. "ಇದು ನಾ ಒತ್ತಿದ್ದು."

ಗೋಪನಕೊಪ್ಪದಲ್ಲಿ ಸುಹಾಸ ಗೇಟು ಪೂರ್ತಿ ತೆರೆದು, ಕಾರು ನಿಲ್ಲಿಸಲು ಜಾಗ ತೊಳೆದು ಕಾಯುತ್ತಿದ್ದ. ಕಾಕು ರಸ್ತೆಯ ಬದಿಗೇ ನಿಲ್ಲಿಸಿದರು. ಚಹಾ ಕುಡಿದು ಏಳುವಾಗ ಅವನು ಮೆಲ್ಲಗೆ, "ಕೀ, ಕಾಕು?" ಅಂದ. ಕಾಕು ಕೀಲಿಯನ್ನು ಪರ್ಸಿಗೆ ಹಾಕಿ ಟಪ್ಪೆಂದು ಮುಚ್ಚಿ, "ಪರ್ಸ್ನ್ಯಾಗ ಅದ ಪಾ, ಚಿಂತಿ ಮಾಡಬ್ಯಾಡ," ಅಂದರು. ರಾಘೂಕಾಕಾ ಹೋಗಿ ಕಾರಿನಲ್ಲಿ ಕೂತರು.

ತಿರುಗಿ ಬರುವಾಗ ಸಂಜೆ. ಮಳೆ ಹೋಗಿ ಬಯಲೆಲ್ಲ ಹೊಸ ಬಿಸಿಲಿನಲ್ಲಿತ್ತು. ಶೆಟ್ಟರ ಕಾಕಾ ಒಬ್ಬ ಬೈಕಿನವನಿಗೆ ಅರ್ಧ ಬೈದು ಉಳಿದರ್ಧ ನುಂಗಿದರು. ಅದಾದ ಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕಾರು ಮಾಳಮಡ್ಡಿಯ ನಮ್ಮ ಓಣಿಯಲ್ಲಿ ನಿಂತಿತ್ತು, ನನ್ನ ತಲೆ ಶೆಟ್ಟರ ಕಾಕಾನ ಹೆಗಲ ಮೇಲಿತ್ತು. ನಿಂತದ್ದೇ ನನಗೆ ತಿಳಿದಿರಲಿಲ್ಲ. "ಗೊರಕಿ ಹೊಡೀಲಿಕ್ಕತ್ತಿದ್ದಿ," ಎಂದು ಅಕ್ಕೋರು ಇಡೀ ಓಣಿಗೆ ಕೇಳುವಂತೆ ಹೇಳಿದರು.

ಮೂರನೆಯ ಅಧ್ಯಾಯ ಇನ್ನೂ ಮುಗಿದಿಲ್ಲ. ಪ್ರತಿ ವಾರ ಮಂಡಳಿ ಅದಕ್ಕೆ ಛಲೋ ಆತ್ರಿ ಅನ್ನುತ್ತದೆ. ಆದರೆ ಅವತ್ತು ರಾತ್ರಿ ಊಟ ಮಾಡಿ ಮಲಗಿದವಳು ಎದ್ದದ್ದು ಹಾಲಿನವನು ಬಾಗಿಲು ಬಡಿದಾಗ. ಶ್ರೀಧರ ಹಾಸಿಗೆಯಲ್ಲಿ ಎದ್ದು ಕೂತು, ಲೋಡಿನ ಆಚೆಯಿಂದ ನನ್ನನ್ನು ಅನುಮಾನದಿಂದ ನೋಡುತ್ತಿದ್ದ.

"ರಾತ್ರಿ ಒಮ್ಮೆನೂ ಒದೀಲಿಲ್ಲಲ್ಲ," ಅಂದ. "ಮೈಯಾಗ ಆರಾಮ ಇಲ್ಲೇನು?"